ಪಡೆಯುವ ಅಳತೆ, ಕೊಡುವ ಅಳತೆ

ಪವಿತ್ರ ಕುರ್‌ಆನಿನ 83ನೇ ಅಧ್ಯಾಯಕ್ಕೆ ಅಲ್ ಮುತಫ್ಫಿಫೀನ್ ಎಂದು ಹೆಸರು. ಅಳತೆ ಮತ್ತು ತೂಕದಲ್ಲಿ ವಂಚಿಸುವವರು ಎಂಬುದು ಅದರ ಅರ್ಥ. ಮದ್‌ಯನ್ ಜನಾಂಗದ ಬಳಿಗೆ ಬಂದ ಪ್ರವಾದಿ ಶುಐಬರು(ಅ) ಏಕದೇವತ್ವದ ಕರೆ ನೀಡಿದ ಬೆನ್ನಲ್ಲೇ ಎತ್ತಿದ ವಿಷಯವೂ ತಕ್ಕಡಿಯದ್ದೇ ಆಗಿತ್ತು. ಈ ಭಾಗಗಳನ್ನು ನಮ್ಮ ಖುತ್ಬಾಗಳಲ್ಲಿ ವಿವರಿಸುವಾಗ ಉದಾಹರಣೆಗಳು ಸಾಮಾನ್ಯವಾಗಿ ಮೀನು ಮಾರುಕಟ್ಟೆಯಿಂದಲೋ ದಿನಸಿ ಅಂಗಡಿಯಿಂದಲೋ ಬರುತ್ತವೆ. ಅದು ಸರಿಯೇ. ಆದರೆ ಆ ಅಧ್ಯಾಯವು ಖಂಡಿಸುವ ವ್ಯಕ್ತಿಯನ್ನು ಸೂಕ್ಷ್ಮವಾಗಿ ಗಮನಿಸಿರಿ. ಅವನಿಗೆ ಅಳೆಯಲು ಬಾರದೆಂದಲ್ಲ, ಚೆನ್ನಾಗಿಯೇ ಬರುತ್ತದೆ. ತನಗೆ ಸಲ್ಲಬೇಕಾದುದನ್ನು ಅವನು ಕೂದಲೆಳೆಯಷ್ಟೂ ಬಿಡದೆ ಅಳೆದುಕೊಳ್ಳುತ್ತಾನೆ, ತಾನು ಸಲ್ಲಿಸಬೇಕಾದುದರ ಬಳಿ ಬಂದಾಗ ಅವನ ಅಳತೆಗೋಲು ಬೇರೆಯಾಗುತ್ತದೆ. ಅವನ ಬಳಿ ಇರುವುದು ಎರಡು ಅಳತೆ.

ಈ ಎರಡು ಅಳತೆಗಳನ್ನು ಇಂದು ಅತ್ಯಂತ ಸ್ಪಷ್ಟವಾಗಿ ಕಾಣಬೇಕೆಂದಿದ್ದರೆ ಒಂದು ಆಸ್ಪತ್ರೆಯ ಬಿಲ್ಲನ್ನು ತೆಗೆದು ನೋಡಬಹುದು. ಹತ್ತಿ, ಕೈಗವಸು, ಸೂಜಿ, ಹಾಸಿಗೆಯ ದಿನಬಾಡಿಗೆ, ವೈದ್ಯರ ಒಂದೊಂದು ಭೇಟಿ ಎಲ್ಲವೂ ಅಲ್ಲಿ ಎಣಿಕೆಯಾಗಿರುತ್ತವೆ. ಪುಟಗಟ್ಟಲೆ ಎಣಿಕೆ. ಇನ್ನು ಅದೇ ಆಸ್ಪತ್ರೆಯ ಬಾಗಿಲಲ್ಲಿ ನಿಂತು, ಇಲ್ಲಿ ಕಳೆದ ವರ್ಷ ಇದೇ ಶಸ್ತ್ರಚಿಕಿತ್ಸೆ ಎಷ್ಟು ಜನರಿಗಾಯಿತು, ಅವರಲ್ಲಿ ಎಷ್ಟು ಜನರಿಗೆ ಗಾಯ ಕೀವಾಯಿತು, ಎಷ್ಟು ಜನ ತಿಂಗಳೊಳಗೆ ಮತ್ತೆ ದಾಖಲಾದರು, ಎಷ್ಟು ಜನ ತೀರಿಕೊಂಡರು ಎಂದು ಕೇಳಿರಿ. ಅರ್ಧ ಕಿಲೋ ಮಾಂಸ ತೂಗುವ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಮನುಷ್ಯನ ಜೀವವನ್ನೇ ಒಪ್ಪಿಸುವ ಸ್ಥಳದಲ್ಲಿ, ಕೊಡುವ ತಟ್ಟೆಯಲ್ಲಿ ಏನಿದೆ ಎಂಬುದನ್ನು ಯಾರೂ ತೂಗಿ ನಮಗೆ ಹೇಳುವುದಿಲ್ಲ.

ಹಾಗಾದರೆ ನಮ್ಮ ಕುಟುಂಬಗಳು ಆಸ್ಪತ್ರೆಯನ್ನು ಆರಿಸಿಕೊಳ್ಳುವುದು ಹೇಗೆ? ಕಟ್ಟಡ ನೋಡಿ, ಹೊರಗೆ ನಿಂತ ಜನಸಂದಣಿ ನೋಡಿ, ಶುಲ್ಕ ಹೆಚ್ಚಿದ್ದರೆ ಚಿಕಿತ್ಸೆಯೂ ಉತ್ತಮವಾಗಿರಬೇಕೆಂಬ ಊಹೆಯಿಂದ, ಊರಿಗೆ ಬಂದ ಗಲ್ಫಿನ ಬಂಧುವಿನ ಮಾತಿನಿಂದ, ಕೆಲವೊಮ್ಮೆ ವೈದ್ಯರು ಸಲಾಮ್ ಹೇಳುವ, ನಗುನಗುತ್ತ ಮಾತಾಡುವ ರೀತಿಯಿಂದ. ಸೌಜನ್ಯ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೌಜನ್ಯವಂತ ವೈದ್ಯರು ಹೆರಿಗೆಯ ನಂತರದ ರಕ್ತಸ್ರಾವವನ್ನು ಸಕಾಲದಲ್ಲಿ ಗುರುತಿಸುತ್ತಾರೆಯೇ ಎಂಬುದು ಬೇರೆಯೇ ಪ್ರಶ್ನೆ.

ಚಿಕಿತ್ಸೆಯ ಗುಣಮಟ್ಟವನ್ನು ಅಳೆಯುವುದು ಪಾಶ್ಚಾತ್ಯರ ಹೊಸ ಗೀಳು ಎಂದು ಭಾವಿಸುವವರು ನಮ್ಮಲ್ಲಿದ್ದಾರೆ. ಅವರಿಗಾಗಿ ನಮ್ಮದೇ ಇತಿಹಾಸದ ಎರಡು ಪುಟಗಳನ್ನು ತೆರೆಯುತ್ತೇನೆ.

ಹಿಜರಿ 319, ಅಂದರೆ ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿಯೊಬ್ಬ ಸತ್ತ ಸುದ್ದಿ ಅಬ್ಬಾಸಿ ಖಲೀಫ ಅಲ್ ಮುಕ್ತದಿರನಿಗೆ ತಲುಪಿತು. ಪರೀಕ್ಷೆಯಲ್ಲಿ ಉತ್ತೀರ್ಣನಾಗದ ಯಾರೂ ಇನ್ನು ಮುಂದೆ ಚಿಕಿತ್ಸೆ ನೀಡಕೂಡದೆಂದು ಅವನು ಆಜ್ಞೆ ಹೊರಡಿಸಿ, ಪರೀಕ್ಷಿಸುವ ಹೊಣೆಯನ್ನು ತನ್ನ ವೈದ್ಯ ಸಿನಾನ್ ಇಬ್ನ್ ಸಾಬಿತನಿಗೆ ವಹಿಸಿದನು. ಪರೀಕ್ಷೆಗೆ ಬಂದವರು 860ಕ್ಕೂ ಹೆಚ್ಚು ಜನರೆಂದು ಇತಿಹಾಸಕಾರರು ದಾಖಲಿಸಿದ್ದಾರೆ. ಅದರ ಜೊತೆಗೊಂದು ಸ್ವಾರಸ್ಯಕರ ಪ್ರಸಂಗವನ್ನೂ ಅವರು ಹೇಳುತ್ತಾರೆ. ಗಂಭೀರ ಮುಖದ, ಒಳ್ಳೆಯ ಉಡುಪಿನ ಮುದುಕನೊಬ್ಬ ಬಂದು, ಸಿನಾನನ ಮುಂದೆ ದೀನಾರುಗಳ ಪೊಟ್ಟಣವಿಟ್ಟು, ತನಗೆ ಓದು ಬರಹ ಸರಿಯಾಗಿ ಬಾರದು, ಈ ಕಸುಬಿನಿಂದಲೇ ಸಂಸಾರ ನಡೆಯುತ್ತಿದೆ ಎಂದು ಬೇಡಿಕೊಂಡನಂತೆ. ತನಗೆ ತಿಳಿಯದ ಕಾಯಿಲೆಗೆ ಕೈ ಹಾಕಬಾರದು, ರಕ್ತ ತೆಗೆಯುವಂಥ ಅಪಾಯದ ಕೆಲಸ ಮಾಡಬಾರದು ಎಂಬ ಷರತ್ತಿನ ಮೇಲೆ ಸಿನಾನ್ ಅವನನ್ನು ಬಿಟ್ಟನು. ಮರುದಿನ ಒಬ್ಬ ಯುವಕ ಬಂದ. ಯಾರ ಬಳಿ ಕಲಿತೆ ಎಂದರೆ, ನಿನ್ನೆ ಬಂದಿದ್ದ ಆ ಹಿರಿಯರೇ ನನ್ನ ತಂದೆ, ಅವರ ಬಳಿಯೇ ಕಲಿತೆ ಎಂದ. ಅವನಿಗೂ ಅದೇ ಷರತ್ತು ಸಿಕ್ಕಿತು. ಅಳೆಯಲು ಹೊರಟವನ ಕೈ ಕನಿಕರದಿಂದ ಸಡಿಲವಾಗುವುದೂ ಅಳತೆಯಷ್ಟೇ ಹಳೆಯದು.

ಎರಡನೆಯ ಪುಟ ಇನ್ನೂ ಮುಖ್ಯವಾದುದು. ಮಾರುಕಟ್ಟೆಯ ತಕ್ಕಡಿಗಳನ್ನು ಪರಿಶೀಲಿಸುತ್ತಿದ್ದ ಮುಹ್ತಸಿಬ್ ಎಂಬ ಅಧಿಕಾರಿಗಾಗಿ 12ನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಎಂಬ ವಿದ್ವಾಂಸರು ಒಂದು ಕೈಪಿಡಿ ಬರೆದರು. ಅದರಲ್ಲಿ ರೊಟ್ಟಿ ಸುಡುವವರು, ಕಟುಕರು, ಬಟ್ಟೆ ವ್ಯಾಪಾರಿಗಳ ಜೊತೆಗೆ ವೈದ್ಯರಿಗೂ ಒಂದು ಅಧ್ಯಾಯವಿದೆ. ವೈದ್ಯನು ರೋಗಿಯನ್ನು ನೋಡಿದಾಗ ಕಂಡ ಲಕ್ಷಣಗಳನ್ನೂ ತಾನು ಸೂಚಿಸಿದ ಔಷಧವನ್ನೂ ಬರೆದು, ಅದರ ಪ್ರತಿಯನ್ನು ಅಲ್ಲಿದ್ದವರ ಸಾಕ್ಷಿಯೊಂದಿಗೆ ಮನೆಯವರ ಕೈಗೆ ಕೊಡಬೇಕು. ಪ್ರತಿ ಭೇಟಿಯಲ್ಲೂ ಹಾಗೆಯೇ ಮಾಡಬೇಕು. ರೋಗಿ ಗುಣಮುಖನಾದರೆ ವೈದ್ಯನು ಶುಲ್ಕ ಪಡೆಯುತ್ತಾನೆ. ಸತ್ತರೆ ಮನೆಯವರು ಆ ಪ್ರತಿಗಳನ್ನು ಊರಿನ ಮುಖ್ಯ ವೈದ್ಯನ ಬಳಿಗೆ ಒಯ್ಯುತ್ತಾರೆ. ಚಿಕಿತ್ಸೆಯು ವೈದ್ಯಶಾಸ್ತ್ರಕ್ಕೆ ಅನುಗುಣವಾಗಿತ್ತೆಂದು ಅವನು ಕಂಡರೆ ಹಾಗೆಂದು ತಿಳಿಸುತ್ತಾನೆ. ಅಲಕ್ಷ್ಯವಿತ್ತೆಂದು ಕಂಡರೆ ವೈದ್ಯನಿಂದ ರಕ್ತಪರಿಹಾರ ಪಡೆಯುವ ಹಕ್ಕು ಮನೆಯವರದ್ದಾಗುತ್ತದೆ. ಈ ನಿಯಮ ಎಲ್ಲೆಡೆ, ಎಲ್ಲ ಕಾಲದಲ್ಲಿ ಜಾರಿಯಲ್ಲಿತ್ತೆಂದು ನಾನು ವಾದಿಸುತ್ತಿಲ್ಲ. ಕೈಪಿಡಿಯಲ್ಲಿದ್ದುದೆಲ್ಲ ಬೀದಿಯಲ್ಲಿ ಇರುವುದಿಲ್ಲ. ಆದರೆ ವೈದ್ಯಕೀಯದ ಅಳತೆಯು ರೊಟ್ಟಿಯ ಅಳತೆಯ ಪಕ್ಕದಲ್ಲೇ ಕೂರಬೇಕೆಂಬ ಸ್ಪಷ್ಟತೆ ಆ ವಿದ್ವಾಂಸರಿಗಿತ್ತು. ದಾಖಲೆಯ ಪ್ರತಿ ರೋಗಿಯ ಮನೆಯಲ್ಲಿರಬೇಕೆಂದು 800 ವರ್ಷಗಳ ಹಿಂದೆ ಅವರು ಬರೆದರು. ಇಂದು ನಮ್ಮಲ್ಲಿ ಎಷ್ಟೋ ಕುಟುಂಬಗಳು ಪೂರ್ಣ ಕೇಸ್‌ ಶೀಟಿನ ಪ್ರತಿಗಾಗಿ ಆಸ್ಪತ್ರೆಯ ಕೌಂಟರಿನಿಂದ ಕೌಂಟರಿಗೆ ಅಲೆಯುತ್ತವೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದೂ ದೀನಿನ ಹೆಸರಿನಲ್ಲೇ. ಮರಣವು ಅಲ್ಲಾಹನ ನಿರ್ಣಯ. ಘಳಿಗೆ ಬಂದಾಗ ವೈದ್ಯನೇನು ಮಾಡಿಯಾನು. ಇನ್ನು ಕೆದಕಿ ಪ್ರಯೋಜನವೇನು ಎಂದು ಮಯ್ಯಿತ್ತಿನ ಮನೆಯಲ್ಲಿ ಹಿರಿಯರು ಸಮಾಧಾನ ಹೇಳುತ್ತಾರೆ. ದುಃಖತಪ್ತರಿಗೆ ಆ ಮಾತು ಆಸರೆಯಾಗುತ್ತದೆ, ಅದು ಸತ್ಯವೂ ಹೌದು. ಆದರೆ ಅದೇ ಮಾತು ವಿಚಾರಣೆಯ ಬಾಗಿಲಿಗೆ ಬೀಗವಾಗುವುದು ವಿಧಿವಿಶ್ವಾಸದ ದುರ್ಬಳಕೆ. ಶಾಮಿನಲ್ಲಿ ಪ್ಲೇಗ್ ಹರಡಿದೆ ಎಂದು ತಿಳಿದು ಖಲೀಫ ಉಮರ್(ರ) ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಅಬೂ ಉಬೈದಾ(ರ) ಕೇಳಿದರು. ಒಂದು ವಿಧಿಯಿಂದ ಅಲ್ಲಾಹನದ್ದೇ ಮತ್ತೊಂದು ವಿಧಿಯೆಡೆಗೆ ಹೋಗುತ್ತಿದ್ದೇವೆ ಎಂಬ ಅರ್ಥದ ಉತ್ತರವನ್ನು ಉಮರ್(ರ) ಕೊಟ್ಟರು. ವೈದ್ಯವಿದ್ಯೆಯಲ್ಲಿ ಪರಿಣತನೆಂದು ತಿಳಿದಿರದವನು ಚಿಕಿತ್ಸೆಗಿಳಿದರೆ ಹಾನಿಗೆ ಅವನೇ ಹೊಣೆ ಎಂಬ ಪ್ರವಾದಿವರ್ಯರ(ಸ) ಬೋಧನೆ ಅಬೂದಾವೂದ್ ಮುಂತಾದ ಹದೀಸ್ ಸಂಗ್ರಹಗಳಲ್ಲಿದೆ. ಸಾವು ವಿಧಿಲಿಖಿತ ಎಂಬ ಕಾರಣಕ್ಕೆ ಹೊಣೆ ಇಲ್ಲವಾಗುವುದಾಗಿದ್ದರೆ ಈ ಬೋಧನೆಗೆ ಅರ್ಥವೇ ಉಳಿಯುತ್ತಿರಲಿಲ್ಲ.

ನಮ್ಮ ಫುಕಹಾಗಳು ಇನ್ನೂ ಮುಂದೆ ಹೋದರು. ಇಬ್ನುಲ್ ಖಯ್ಯಿಮ್(ರಹ್) ತಮ್ಮ ಝಾದುಲ್ ಮಆದ್ ಗ್ರಂಥದಲ್ಲಿ ವೈದ್ಯರನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ವಿದ್ಯೆಗೆ ಸಲ್ಲಬೇಕಾದುದನ್ನೆಲ್ಲ ಸಲ್ಲಿಸಿ ಚಿಕಿತ್ಸೆ ನೀಡಿದ ಪರಿಣತನ ಕೈಯಲ್ಲಿ ರೋಗಿ ಸತ್ತರೂ ಅವನ ಮೇಲೆ ಹೊಣೆಯಿಲ್ಲ. ಅಜ್ಞಾನಿ ಹೊಣೆಗಾರ. ಪರಿಣತನೇ ಆದರೂ ಕೈತಪ್ಪಿ ಹಾನಿ ಮಾಡಿದವನೂ ಹೊಣೆಗಾರ. ಪರಿಣತನು ಪ್ರಾಮಾಣಿಕವಾಗಿ ಆಲೋಚಿಸಿ ಔಷಧ ಸೂಚಿಸಿದರೂ ಆ ನಿರ್ಧಾರ ತಪ್ಪಾಗಿದ್ದರೆ, ಪರಿಹಾರವನ್ನು ಬೈತುಲ್ ಮಾಲ್‌ನಿಂದಲೇ ಕೊಡಬೇಕೆಂಬ ಅಭಿಪ್ರಾಯವೂ ಇದೆ. ಗಮನಿಸಿರಿ: ಸಾವು ಎಂಬ ಫಲಿತಾಂಶ ಎಲ್ಲ ಕಡೆಯೂ ಒಂದೇ. ತೀರ್ಪು ಮಾತ್ರ ಬೇರೆ, ಏಕೆಂದರೆ ಚಿಕಿತ್ಸೆ ನಡೆದ ರೀತಿಯನ್ನೂ ಅವರು ತೂಗುತ್ತಿದ್ದರು.

ಆಧುನಿಕ ಆರೋಗ್ಯಶಾಸ್ತ್ರ ಈ ವಿವೇಚನೆಗೆ ವ್ಯವಸ್ಥಿತ ರೂಪ ಕೊಟ್ಟದ್ದು 1966ರಲ್ಲಿ. ಕೊಟ್ಟವರು ಆವೆಡಿಸ್ ಡೊನಬೇಡಿಯನ್. 1919ರಲ್ಲಿ ಬೈರೂತಿನಲ್ಲಿ ಹುಟ್ಟಿ, ಫೆಲೆಸ್ತೀನಿನ ರಾಮಲ್ಲಾದಲ್ಲಿ ಬೆಳೆದ ಅರ್ಮೇನಿಯನ್ ಕ್ರೈಸ್ತ ಕುಟುಂಬದ ವೈದ್ಯರು; ಮುಂದೆ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆ ಅಳೆಯಬಹುದೆಂದು ಅವರು ತೋರಿಸಿದರು: ರಚನೆ, ಪ್ರಕ್ರಿಯೆ, ಫಲಿತಾಂಶ. ಇದನ್ನು ಮದರಸದ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡ, ಬೆಂಚು, ಉಸ್ತಾದರ ಸನದು ಇವು ರಚನೆ. ದಿನವೂ ಪಾಠ ನಡೆಯುತ್ತದೆಯೇ, ಮಗುವಿನ ತಪ್ಪನ್ನು ತಿದ್ದಲಾಗುತ್ತದೆಯೇ ಎಂಬುದು ಪ್ರಕ್ರಿಯೆ. ವರ್ಷಾಂತ್ಯಕ್ಕೆ ಮಗು ತಜ್ವೀದಿನೊಂದಿಗೆ ಓದಬಲ್ಲುದೇ ಎಂಬುದು ಫಲಿತಾಂಶ. ಕಟ್ಟಡದ ಉದ್ಘಾಟನೆಗೆ ನಾವು ಊರನ್ನೇ ಕರೆಯುತ್ತೇವೆ, ಮಗುವಿನ ಓದನ್ನು ಕೇಳಲು ಎಷ್ಟು ಜನ ಬರುತ್ತಾರೆಂಬುದು ಎಲ್ಲ ಉಸ್ತಾದರಿಗೂ ಗೊತ್ತು.

ಆಸ್ಪತ್ರೆಗಳ ವಿಷಯದಲ್ಲಿ ಸರಕಾರವೂ ಹಾಗೆಯೇ ವರ್ತಿಸುತ್ತಿದೆ. ಹಾಸಿಗೆ, ಯಂತ್ರ, ಆಂಬುಲೆನ್ಸ್ ಇವುಗಳ ಲೆಕ್ಕ ಸಿಗುತ್ತದೆ. ಒಳಗೆ ಏನು ನಡೆಯುತ್ತದೆಂಬುದನ್ನು ಅಳೆದವರು ಕಂಡದ್ದೇನು? ಮಧ್ಯಪ್ರದೇಶದ ಹಳ್ಳಿಗಳಲ್ಲಿ ಸಂಶೋಧಕರು ತರಬೇತಿ ಪಡೆದ ಜನರನ್ನು ರೋಗಿಗಳಂತೆ ಕ್ಲಿನಿಕ್‌ಗಳಿಗೆ ಕಳುಹಿಸಿದರು. ಒಬ್ಬರು ಎದೆನೋವಿನ ಲಕ್ಷಣ ಹೇಳಿದರು, ಒಬ್ಬರು ಉಬ್ಬಸದ್ದು, ಮತ್ತೊಬ್ಬರು ಮನೆಯಲ್ಲಿರುವ ಮಗುವಿನ ಆಮಶಂಕೆಯದ್ದು. 2012ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಚಿಕಿತ್ಸಕರು ಒಬ್ಬ ರೋಗಿಗೆ ಕೊಟ್ಟ ಸಮಯ ಸರಾಸರಿ 3.6 ನಿಮಿಷ. ಕೇಳಲೇಬೇಕಾದ ಪ್ರಶ್ನೆಗಳು ಮತ್ತು ಮಾಡಲೇಬೇಕಾದ ತಪಾಸಣೆಗಳಲ್ಲಿ ನಡೆದದ್ದು ಮೂರನೇ ಒಂದು ಭಾಗ. ಸರಿಯಾದ ಚಿಕಿತ್ಸೆ ದೊರೆತದ್ದು ಸುಮಾರು ಶೇ. 30 ಸಲ. 2016ರಲ್ಲಿ ಬಂದ ಮುಂದುವರಿದ ಅಧ್ಯಯನ ಇನ್ನೂ ಕಳವಳಕಾರಿಯಾದುದನ್ನು ತೋರಿಸಿತು: ಒಬ್ಬರೇ ಸರಕಾರಿ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಯನ್ನು ಹೆಚ್ಚು ಶ್ರದ್ಧೆಯಿಂದ ನೋಡುತ್ತಿದ್ದರು, ಸರಕಾರಿ ಕೇಂದ್ರದಲ್ಲಿ ಅಷ್ಟು ನೋಡುತ್ತಿರಲಿಲ್ಲ. ವಿದ್ಯೆ ಅದೇ, ಕೈ ಅದೇ. ಪಡೆಯುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ನನಗೆ ತೋಚುವುದಿಲ್ಲ.

2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಂದಾಜಿನಂತೆ ಭಾರತದಲ್ಲಿ ಒಂದು ವರ್ಷದಲ್ಲಿ ಚಿಕಿತ್ಸೆಯೇ ತಲುಪದೆ ಸತ್ತವರು ಸುಮಾರು 8 ಲಕ್ಷ. ಚಿಕಿತ್ಸೆ ತಲುಪಿಯೂ ಅದು ಕಳಪೆಯಾಗಿದ್ದರಿಂದ ಸತ್ತವರು ಸುಮಾರು 16 ಲಕ್ಷ. ಆಸ್ಪತ್ರೆಗೆ ಸೇರಿಸಿದರೆ ಅರ್ಧ ಗೆದ್ದಂತೆ ಎಂಬ ನಮ್ಮ ನಂಬಿಕೆಯನ್ನು ಈ ಅಂಕಿಗಳ ಮುಂದಿಟ್ಟು ನೋಡಿರಿ. ನಮ್ಮ ರಾಜ್ಯದಲ್ಲಿ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತ ನಂತರ ಸರಕಾರ ತಾಯಂದಿರ ಮರಣಗಳ ಪರಿಶೋಧನೆ ನಡೆಸಿತು. ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಮರಣಗಳಲ್ಲಿ ಶೇ. 70ಕ್ಕೂ ಹೆಚ್ಚು ತಡೆಯಬಹುದಾದವುಗಳಾಗಿದ್ದವು ಎಂಬುದು ಅದರ ಸಾರ. ಆ ತಾಯಂದಿರಲ್ಲಿ ಹೆಚ್ಚಿನವರು ಮನೆಯಲ್ಲಿ ಹೆರಿಗೆಯಾದವರಲ್ಲ.

ಅಳತೆ ಬೇಕು ಎಂದಾಕ್ಷಣ ಒಂದು ಸಂಖ್ಯೆ ಹಿಡಿದು ದೊಣ್ಣೆ ಎತ್ತುವ ಆತುರವೂ ಅಪಾಯಕಾರಿ. ಸಿಸೇರಿಯನ್ ಹೆರಿಗೆಯನ್ನೇ ತೆಗೆದುಕೊಳ್ಳೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಸರಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 14.3, ಖಾಸಗಿಯಲ್ಲಿ ಶೇ. 47.4 ಸಿಸೇರಿಯನ್. ಅಂತರ ದಿಗಿಲು ಹುಟ್ಟಿಸುತ್ತದೆ, ಸಂಶಯಕ್ಕೆ ಸಕಾರಣವೂ ಇದೆ. ಆದರೆ ಒಂದು ನಿರ್ದಿಷ್ಟ ಆಸ್ಪತ್ರೆಯ ಪ್ರಮಾಣ ಹೆಚ್ಚಿದೆಯೆಂದ ಮಾತ್ರಕ್ಕೆ ಅದು ದುಡ್ಡಿಗಾಗಿ ಹೊಟ್ಟೆ ಕೊಯ್ಯುತ್ತಿದೆ ಎಂದು ತೀರ್ಮಾನಿಸಲಾಗದು. ಸುತ್ತಲಿನ ತಾಲೂಕುಗಳ ಕಠಿಣ ಪ್ರಕರಣಗಳೆಲ್ಲ ಅಲ್ಲಿಗೇ ಬರುತ್ತಿರಬಹುದು. ಇದಕ್ಕೆ ರಾಬ್ಸನ್ ವರ್ಗೀಕರಣ ಎಂಬ ಪರಿಹಾರವಿದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅದನ್ನು ಶಿಫಾರಸು ಮಾಡಿತು. ಹೆರಿಗೆಗೆ ಬಂದ ಎಲ್ಲ ಸ್ತ್ರೀಯರನ್ನು ಅದು ಹತ್ತು ಗುಂಪುಗಳಾಗಿ ವಿಂಗಡಿಸುತ್ತದೆ. ಚೊಚ್ಚಲ ಗರ್ಭ, ಒಂದೇ ಮಗು, ತಲೆ ಕೆಳಗಿದೆ, ತಿಂಗಳು ತುಂಬಿದೆ, ನೋವು ತಾನಾಗಿ ಬಂದಿದೆ: ಇದು ಒಂದು ಗುಂಪು. ಈ ಗುಂಪನ್ನು ಈ ಗುಂಪಿನೊಂದಿಗೇ ಹೋಲಿಸಿದಾಗ ಆಸ್ಪತ್ರೆಗಳ ನಿಜ ಬಣ್ಣ ಕಾಣತೊಡಗುತ್ತದೆ. ಇದಕ್ಕೆ ಬೇಕಾದ ಮಾಹಿತಿಯೆಲ್ಲ ಪ್ರತಿ ಹೆರಿಗೆ ವಾರ್ಡಿನ ದಾಖಲೆ ಪುಸ್ತಕದಲ್ಲಿ ಈಗಾಗಲೇ ಇರಬೇಕಾದದ್ದೇ.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅನುಭವವನ್ನೂ ತಿಳಿದಿರುವುದು ಒಳ್ಳೆಯದು. ಅಲ್ಲಿ 1990ರ ದಶಕದ ಆರಂಭದಿಂದ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ ಸಾವಿನ ಪ್ರಮಾಣವನ್ನು, ರೋಗಿಗಳ ಮೊದಲಿನ ಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡು, ಆಸ್ಪತ್ರೆ ಮತ್ತು ವೈದ್ಯರ ಹೆಸರಿನೊಂದಿಗೆ ಪ್ರಕಟಿಸತೊಡಗಿದರು. ಸಾವುಗಳು ಕಡಿಮೆಯಾದವು. ಆದರೆ ತೀವ್ರ ಸ್ಥಿತಿಯ ರೋಗಿಗಳನ್ನು ವೈದ್ಯರು ದೂರವಿಡುತ್ತಿದ್ದಾರೆ ಎಂಬ ಸಾಕ್ಷ್ಯವೂ 2003ರ ಅಧ್ಯಯನವೊಂದರಲ್ಲಿ ಬಂತು. ಮದರಸದಲ್ಲಿ ಪಾಠ ಹೇಳುವವನಾಗಿ ಇದು ನನಗೆ ಅಚ್ಚರಿಯೆನಿಸಲಿಲ್ಲ. ಹಿಫ್ಝ್ ಮುಗಿಸಿದವರ ಸಂಖ್ಯೆಯಿಂದ ಮಾತ್ರ ಉಸ್ತಾದರನ್ನು ತೂಗತೊಡಗಿದರೆ, ತೊದಲುವ ಹುಡುಗನಿಗೆ ಪ್ರವೇಶ ಸಿಗುವುದಿಲ್ಲ. ಆದ್ದರಿಂದ ಅಳತೆಯೊಂದಿಗೆ ಎರಡು ಕಾವಲುಗಳಿರಬೇಕು: ರೋಗದ ತೀವ್ರತೆಗೆ ತಕ್ಕ ಹೊಂದಾಣಿಕೆ, ಮತ್ತು ತಿರಸ್ಕರಿಸಿ ಬೇರೆಡೆಗೆ ಕಳುಹಿಸಿದ ರೋಗಿಗಳ ಲೆಕ್ಕ. ಎರಡನೆಯದನ್ನು ನಮ್ಮಲ್ಲಿ ಯಾರೂ ಕೇಳುತ್ತಿಲ್ಲ.

ರಾಜ್ಯದ ನೀತಿ ಈಗ ಎಲ್ಲಿದೆ? ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆ ಮತ್ತು 2017ರ ತಿದ್ದುಪಡಿ ದರಪಟ್ಟಿಯ ಪ್ರದರ್ಶನವನ್ನೂ ರೋಗಿಗಳ ಹಕ್ಕುಪತ್ರವನ್ನೂ ತಂದವು. ಆ ತಿದ್ದುಪಡಿಯ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಹೂಡಿದ್ದು ನೆನಪಿರಬಹುದು. ಜಗಳವೆಲ್ಲ ದರದ ಸುತ್ತಲೇ ನಡೆಯಿತು. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚವನ್ನು ಸರಕಾರ ಭರಿಸುತ್ತಿದೆ. ಇದು ದೊಡ್ಡ ಉಪಕಾರ. ಆದರೆ ಹಣ ಪಾವತಿಯಾಗುವುದು ನಡೆದ ಚಿಕಿತ್ಸೆಯ ಪ್ಯಾಕೇಜಿಗೆ, ರೋಗಿ ಮನೆಗೆ ಹೋದ ಮೇಲೆ ಏನಾದ ಎಂಬುದಕ್ಕಲ್ಲ. ಅಳೆಯುವುದು ಅಸಾಧ್ಯವೇನೂ ಅಲ್ಲ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಇದ್ದ ಹಳ್ಳಿಗಳನ್ನೂ, ಗಡಿಯಾಚೆ ಅದು ಇಲ್ಲದಿದ್ದ ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದ ಬಡವರಲ್ಲಿ ಆದ ಸಾವುಗಳು ಯೋಜನೆಯಿದ್ದ ಹಳ್ಳಿಗಳಲ್ಲಿ ಅರ್ಧಕ್ಕಿಂತ ಕಡಿಮೆ ಇದ್ದವು. ಇದೇ ನಾಡಿನಲ್ಲಿ, ಇದೇ ಬಡವರ ಮನೆಮನೆಗೆ ಹೋಗಿ ಫಲಿತಾಂಶ ಅಳೆದದ್ದು ಇದು. ಕೋಟ್ಯಂತರ ರೂಪಾಯಿ ಪಾವತಿಸುವ ಸರಕಾರ ಪ್ರತಿ ಆಸ್ಪತ್ರೆಯಿಂದ 30 ದಿನಗಳ ನಂತರದ ಸ್ಥಿತಿಯ ವರದಿಯನ್ನು ಕಡ್ಡಾಯಗೊಳಿಸಿ, ಅದನ್ನು ಜಿಲ್ಲಾವಾರು ಪ್ರಕಟಿಸಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ. ಕಲಬುರಗಿ ಭಾಗದಲ್ಲೇ ಲಂಬಾಣಿ ಮತ್ತು ದಲಿತ ಸ್ತ್ರೀಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣ ಬಯಲಾದದ್ದು ಯಾವ ಇಲಾಖೆಯ ಅಂಕಿಅಂಶದಿಂದಲೂ ಅಲ್ಲ, ಆ ಸ್ತ್ರೀಯರೂ ಕಾರ್ಯಕರ್ತರೂ ಬೀದಿಗೆ ಬಂದುದರಿಂದ.

ಇಷ್ಟು ಸರಕಾರದ ಮಾತಾಯಿತು. ಈಗ ನಮ್ಮದು.

ರಮಝಾನ್ ತಿಂಗಳಲ್ಲಿ ಜಮಾಅತಿನ ಝಕಾತ್ ಸಮಿತಿಗಳಿಗೆ ಬರುವ ಅರ್ಜಿಗಳಲ್ಲಿ ಚಿಕಿತ್ಸೆಯ ಅರ್ಜಿಗಳೇ ದೊಡ್ಡ ಪಾಲು. ಅವುಗಳಲ್ಲಿ ಡಯಾಲಿಸಿಸ್ ಮುಗಿಯದ ಅರ್ಜಿ. ಮೂತ್ರಪಿಂಡ ಕೈಕೊಟ್ಟವರಿಗೆ ವಾರ ವಾರವೂ, ಜೀವಮಾನವಿಡೀ ಅದು ಬೇಕು. ನಮ್ಮ ದಾನಿಗಳು ಯಂತ್ರಗಳನ್ನು ಕೊಡಿಸುತ್ತಾರೆ, ತಂದೆತಾಯಿಯರ ಹೆಸರಿನಲ್ಲಿ ಸದಖಾ ಜಾರಿಯಾ ಎಂದು ಫಲಕ ಹಾಕಿಸುತ್ತಾರೆ. ಅಲ್ಲಾಹನು ಸ್ವೀಕರಿಸಲಿ. ಸಮಿತಿಗಳು ಬಿಲ್ಲುಗಳನ್ನು ಪರಿಶೀಲಿಸುವುದೂ ಬಿಗಿಯಾಗಿಯೇ: ಮೂಲ ಬಿಲ್ಲು ಬೇಕು, ಮೊಹರು ಬೇಕು, ರೇಷನ್ ಕಾರ್ಡಿನ ಪ್ರತಿ ಬೇಕು. ಬಡವನ ಬಡತನವನ್ನು ಅಷ್ಟು ಕಟ್ಟುನಿಟ್ಟಾಗಿ ಅಳೆಯುವ ಕಡತದಲ್ಲಿ, ಆ ಹಣಕ್ಕೆ ಆಸ್ಪತ್ರೆ ಕೊಟ್ಟದ್ದೆಷ್ಟು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ.

ನಮ್ಮ ಮೊಹಲ್ಲಾದಲ್ಲಿ ಡಯಾಲಿಸಿಸ್‌ಗೆ ಹೋಗುವ ಆಟೋ ಚಾಲಕರೊಬ್ಬರು ಅಸರ್ ನಂತರ ಮಾತಿಗೆ ಸಿಕ್ಕಾಗ ಸಹಜವಾಗಿಯೇ ಹೇಳಿದರು: ನಾಲ್ಕು ಗಂಟೆಯ ಸರದಿ ಎನ್ನುತ್ತಾರೆ, ಮುಂದಿನ ಸರದಿಯವರು ಕಾಯುತ್ತಿರುತ್ತಾರಲ್ಲ, ಮೂರೂಕಾಲಕ್ಕೆ ಬಿಚ್ಚುತ್ತಾರೆ. ಅವರಿಗೆ ಅದೊಂದು ದೂರೆಂದೇ ಅನಿಸಿರಲಿಲ್ಲ. ಬೇಗ ಮುಗಿದರೆ ಸಂಜೆ ಎರಡು ಬಾಡಿಗೆ ಹೊಡೆಯಬಹುದಲ್ಲ ಎಂಬ ಸಮಾಧಾನವೇ ಇತ್ತು. ಆದರೆ ಯಂತ್ರದಲ್ಲಿ ಕಳೆಯುವ ಹೊತ್ತೇ ಅಲ್ಲಿ ಔಷಧ. ಹೊತ್ತು ಕಡಿಮೆಯಾದಷ್ಟೂ ರಕ್ತದಲ್ಲಿ ಕಶ್ಮಲ ಉಳಿಯುತ್ತದೆ, ಉಪ್ಪುನೀರು ಮೈಯಲ್ಲೇ ನಿಲ್ಲುತ್ತದೆ. ಉಸಿರು ಕಟ್ಟುವುದು, ಹೃದಯ ಸೋಲುವುದು ತಿಂಗಳುಗಳ ನಂತರ. ಆಗ ಮನೆಯವರು ಕಾಯಿಲೆಯನ್ನು ದೂಷಿಸುತ್ತಾರೆ. ನಾಲ್ಕು ಗಂಟೆಯ ಹಣ ಪಡೆದು ಮೂರೂಕಾಲು ಗಂಟೆ ಕೊಡುವುದು ಮುತಫ್ಫಿಫ್‌ನ ತಕ್ಕಡಿಯೇ ಅಲ್ಲದೆ ಇನ್ನೇನು? ಕಿಲೋಗೆ 800 ಗ್ರಾಂ ತೂಗಿದ ಅಂಗಡಿಯವನೊಂದಿಗೆ ನಾವು ಜಗಳಕ್ಕೆ ನಿಲ್ಲುತ್ತೇವೆ.

ಈ ತಕ್ಕಡಿಯನ್ನು ಪರೀಕ್ಷಿಸಲು ದೊಡ್ಡ ಪಾಂಡಿತ್ಯ ಬೇಡ. ಡಯಾಲಿಸಿಸ್‌ನ ಮೊದಲು ಒಮ್ಮೆ, ಮುಗಿದಾಗ ಒಮ್ಮೆ ರಕ್ತದ ಯೂರಿಯಾ ಅಳೆಯುತ್ತಾರೆ. ಎರಡರ ನಡುವಿನ ಇಳಿಕೆ ಕನಿಷ್ಠ ಶೇ. 65 ಇರಬೇಕೆಂಬುದು ವಾರಕ್ಕೆ ಮೂರು ಸಲ ಮಾಡಿಸಿಕೊಳ್ಳುವವರಿಗೆ ಅಂಗೀಕೃತ ಮಾನದಂಡ. ಮೊದಲು 150 ಇದ್ದದ್ದು ಕೊನೆಗೆ 50ಕ್ಕೆ ಬಂದರೆ ಇಳಿಕೆ ಶೇ. 66ಕ್ಕೆ ಮೇಲಾಯಿತು, ಸರಿ. 75ಕ್ಕೆ ನಿಂತರೆ ಶೇ. 50 ಮಾತ್ರ, ಸಾಲದು. ಎಸ್ಸೆಸ್ಸೆಲ್ಸಿ ಓದಿದ ಯಾರಾದರೂ ಮಾಡಬಲ್ಲ ಲೆಕ್ಕವಿದು. ಇದರೊಂದಿಗೆ ಇನ್ನೆರಡು ಪ್ರಶ್ನೆಗಳು: ವಾರಕ್ಕೆ ಮೂರು ಸರದಿ ಸಿಗುತ್ತಿದೆಯೇ ಎರಡೇ? ಕಾಮಾಲೆಯ ವೈರಸ್‌ಗಳಾದ ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಕಾಲಕಾಲಕ್ಕೆ ನಡೆಯುತ್ತಿದೆಯೇ, ಕೇಂದ್ರಕ್ಕೆ ಬರುವಾಗ ಇಲ್ಲದಿದ್ದ ಸೋಂಕು ಎಷ್ಟು ಜನರಿಗೆ ಅಲ್ಲಿ ತಗಲಿದೆ? ಎರಡೇ ಸರದಿ ಸಿಗುತ್ತಿದ್ದರೆ ಅದು ಬಹುತೇಕ ಹಣದ ಕೊರತೆ, ಅಂದರೆ ನಮ್ಮ ಕೊರತೆ. ಹೊಸ ಸೋಂಕು ಕೇಂದ್ರದ ಶುಚಿತ್ವದ ಕೊರತೆ. ಯಾವುದು ಯಾರದ್ದೆಂದು ತಿಳಿಯಲೂ ಅಳತೆಯೇ ಬೇಕು.

ಇದರಿಂದ ಉಪಕಾರ ಮಾಡುವ ವೈದ್ಯರು ಮುನಿಸಿಕೊಂಡಾರು, ರಿಯಾಯಿತಿ ನಿಂತುಹೋದೀತು ಎಂಬ ಹೆದರಿಕೆ ಸಮಿತಿಗಳಲ್ಲಿದೆ. ನಾನು ಮಾತಾಡಿಸಿದ ಒಳ್ಳೆಯ ವೈದ್ಯರು ಇದನ್ನು ಸ್ವಾಗತಿಸಿದರು; ತಮ್ಮ ಶ್ರಮ ಕಟ್ಟಡದ ಹೊಳಪಿನ ಹಿಂದೆ ಮರೆಯಾಗುತ್ತಿದೆ ಎಂಬ ನೋವು ಅವರಿಗೂ ಇದೆ. ಇನ್ನು ಝಕಾತಿನ ಹಣ ಸಮಿತಿಯ ಸ್ವಂತದ್ದಲ್ಲ, ಬಡವನ ಹಕ್ಕು. ಅವನ ಪರವಾಗಿ ಅದನ್ನು ಖರ್ಚು ಮಾಡುವ ಅಮಾನತು ಹೊತ್ತವರಿಗೆ ಕೇಳುವ ಸಂಕೋಚ ಏಕೆ ಬೇಕೆಂಬುದು ನನಗೆ ಅರ್ಥವಾಗುವುದಿಲ್ಲ. ಒಬ್ಬ ರೋಗಿ ಕೇಳಿದರೆ ಗದರಿಸಿ ಕಳುಹಿಸಬಹುದು. ತಿಂಗಳಿಗೆ ಮೂವತ್ತು ರೋಗಿಗಳ ಬಿಲ್ಲು ಕಟ್ಟುವ ಸಮಿತಿ ಕೇಳಿದರೆ ಆಸ್ಪತ್ರೆ ಉತ್ತರಿಸುತ್ತದೆ. ಒಂದು ಜಿಲ್ಲೆಯ ಜಮಾಅತುಗಳು ಸೇರಿ ಕೇಳಿದರೆ ಇನ್ನೂ ಬೇಗ ಉತ್ತರಿಸುತ್ತದೆ. ಹಾಗೆ ಸಿಕ್ಕ ಉತ್ತರಗಳನ್ನು ಒಟ್ಟುಗೂಡಿಸಿದರೆ, ಜಿಲ್ಲಾಡಳಿತದ ಮುಂದೆ ಇಡಲು ಸರಕಾರದ ಬಳಿಯೂ ಇಲ್ಲದ ಲೆಕ್ಕ ನಮ್ಮ ಕೈಯಲ್ಲಿರುತ್ತದೆ. ಆ ಲೆಕ್ಕ ನಮ್ಮವರಿಗಷ್ಟೇ ಉಪಯೋಗಕ್ಕೆ ಬರುವುದಿಲ್ಲ; ಪಕ್ಕದ ಹಾಸಿಗೆಯಲ್ಲಿರುವ ಎಲ್ಲ ಸಮುದಾಯದ ರೋಗಿಗಳಿಗೂ ಅದೇ ಯಂತ್ರ, ಅದೇ ಸರದಿ.

ಪ್ರತಿ ಜಮಾಅತಿನಲ್ಲೂ ಒಬ್ಬ ನಿವೃತ್ತ ನರ್ಸ್, ಔಷಧ ಅಂಗಡಿಯವರು ಅಥವಾ ಲ್ಯಾಬಿನಲ್ಲಿ ದುಡಿಯುವ ಒಬ್ಬ ಯುವತಿ ಇದ್ದೇ ಇರುತ್ತಾರೆ. ಶಅಬಾನ್ ತಿಂಗಳಲ್ಲಿ ಅರ್ಜಿ ನಮೂನೆ ಅಚ್ಚು ಹಾಕಿಸುವ ಮೊದಲು ಅವರನ್ನು ಕೂರಿಸಿಕೊಂಡು, ಡಯಾಲಿಸಿಸ್ ಅರ್ಜಿಯಲ್ಲಿ ನಾಲ್ಕು ಅಂಕಣ ಹೆಚ್ಚಿಸಿದರೆ ಸಾಕು: ತಿಂಗಳಲ್ಲಿ ಎಷ್ಟು ಸರದಿ, ಪ್ರತಿ ಸರದಿ ಎಷ್ಟು ನಿಮಿಷ, ಮೊದಲಿನ ಯೂರಿಯಾ, ನಂತರದ ಯೂರಿಯಾ. ಆ ಎರಡು ರಕ್ತಪರೀಕ್ಷೆಗಳ ಖರ್ಚನ್ನು ಸಮಿತಿಯೇ ಕೊಡಲಿ. ಹಿಂದಿನ ತಿಂಗಳ ಅಂಕಣಗಳು ತುಂಬಿ ಬಂದ ಮೇಲೆ ಮುಂದಿನ ತಿಂಗಳ ಚೆಕ್ಕು ಆಸ್ಪತ್ರೆಗೆ ಹೋಗಲಿ, ರೋಗಿಯ ಚಿಕಿತ್ಸೆ ಮಾತ್ರ ಒಂದು ದಿನವೂ ನಿಲ್ಲದಿರಲಿ.